ಮಾತು ಸರಿಯಾಗಿ ಕೇಳಿಸ್ದೇ ಇರೋ ಆಲ್ಬಂ ಥ್ರಿಲ್ಲರ್‌ಗಿಂತ ಮುಂದೆ ಹೋಗಿದ್ದು ಹೇಗೆ? ಆರ್‌ಇಎಂ ಬ್ಯಾಂಡಿನ 'ಮರ್ಮರ್' ಕಥೆ

ನಮಸ್ಕಾರ ಎಲ್ರಿಗೂ! 1983ನೇ ವರ್ಷದ ಬೆಸ್ಟ್ ಆಲ್ಬಂ ಯಾವ್ದು ಅಂತ ರೋಲಿಂಗ್ ಸ್ಟೋನ್ ಪತ್ರಿಕೆಯ ವಿಮರ್ಶಕರು ಆರಿಸ್ಬೇಕಿತ್ತು. ಎದುರಿಗೆ ಯಾರ್ಯಾರಿದ್ರು ನೋಡಿ, ಮೈಕಲ್ ಜಾಕ್ಸನ್‌ನ ಥ್ರಿಲ್ಲರ್, 'ದಿ ಪೊಲೀಸ್' ಅನ್ನೋ ಬ್ಯಾಂಡಿನ ಸಿಂಕ್ರೊನಿಸಿಟಿ, ಯು2 ಅವರ ವಾರ್. ಅವ್ರು ಆರಿಸಿದ್ದು ಇದ್ಯಾವ್ದನ್ನೂ ಅಲ್ಲ, ಅಮೆರಿಕದ ಜಾರ್ಜಿಯಾದಲ್ಲಿರೋ ಅಥೆನ್ಸ್ ಅನ್ನೋ ಯೂನಿವರ್ಸಿಟಿ ಊರಿನ ನಾಲ್ಕು ಜನ ಹುಡುಗರ ಮೊದಲ್ನೇ ಆಲ್ಬಮ್ಮನ್ನ. ಅದೂ ಹೇಗಿರೋ ಆಲ್ಬಂ ಅಂದ್ರೆ, ಹಾಡೋನು ಏನು ಹಾಡ್ತಿದಾನೆ ಅಂತ ಇಂಗ್ಲಿಷ್ ಮನೆಮಾತಾಗಿರೋರಿಗೇ ಅರ್ಧ ತಿಳಿಯಲ್ಲ.

(ಸ್ಕ್ರೀನ್ ಮೇಲೆ ಆಲ್ಬಂ ಕವರ್)

ಬ್ಯಾಂಡ್ ಹೆಸರು ಆರ್‌ಇಎಂ. ಹಾಡೋದು ಮೈಕಲ್ ಸ್ಟೈಪ್, ಗಿಟಾರ್ ಪೀಟರ್ ಬಕ್, ಬೇಸ್ ಮೈಕ್ ಮಿಲ್ಸ್, ಡ್ರಮ್ಸ್ ಬಿಲ್ ಬೆರ್ರಿ. ಬಕ್ ಒಂದು ರೆಕಾರ್ಡ್ ಅಂಗಡೀಲಿ ಕೆಲಸ ಮಾಡ್ತಿದ್ದ, ಸ್ಟೈಪ್ ಆರ್ಟ್ ಓದ್ತಿದ್ದ, ಆ ಅಂಗಡೀಲೇ ಇವರಿಬ್ರ ಪರಿಚಯ ಆಗಿದ್ದು. ಪ್ರಾರ್ಥನೆ ನಿಂತುಹೋಗಿದ್ದ ಹಳೇ ಚರ್ಚಲ್ಲಿ ವಾಸ, 1980ರ ಏಪ್ರಿಲ್ 5ಕ್ಕೆ ಅಲ್ಲೇ ಫ್ರೆಂಡ್ ಒಬ್ರ ಬರ್ತ್‌ಡೇ ಪಾರ್ಟೀಲಿ ಮೊದಲ್ನೇ ಶೋ. ಮರುವರ್ಷ ಒಂದು ಪುಟ್ಟ ಲೇಬಲ್‌ನಿಂದ, ಅಂದ್ರೆ ರೆಕಾರ್ಡ್ ಕಂಪನಿಯಿಂದ, 'ರೇಡಿಯೋ ಫ್ರೀ ಯುರೋಪ್' ಅನ್ನೋ ಸಿಂಗಲ್ ಬಂತು, ಮೊದಲು ಅಚ್ಚಾಗಿದ್ದು ಬರೀ 1000 ಕಾಪಿ. ಆಗೆಲ್ಲ ಇಂಥ ಸಂಗೀತಕ್ಕೆ ಆಲ್ಟರ್ನೇಟಿವ್ ರಾಕ್ ಅನ್ನೋ ಹೆಸರು ಇನ್ನೂ ಬಳಕೆಗೆ ಬಂದಿರ್ಲಿಲ್ಲ, ಕಾಲೇಜ್ ರಾಕ್ ಅಂತಿದ್ರು, ಯಾಕಂದ್ರೆ ದೊಡ್ಡ ರೇಡಿಯೋ ಸ್ಟೇಷನ್‌ಗಳು ಇದನ್ನ ಮುಟ್ತಾನೇ ಇರ್ಲಿಲ್ಲ, ಹುಡುಗ್ರು ನಡೆಸೋ ಕಾಲೇಜ್ ರೇಡಿಯೋಗಳೇ ಹಾಕ್ತಿದ್ದಿದ್ದು. ಇವರು ವ್ಯಾನ್ ಹತ್ಕೊಂಡು ಊರೂರು ತಿರುಗ್ತಾ ಪುಟ್ಟ ಪುಟ್ಟ ಕ್ಲಬ್ಬುಗಳಲ್ಲಿ ನುಡಿಸ್ತಾ ನುಡಿಸ್ತಾ ಜನ ಸೇರಿಸ್ಕೊಂಡ್ರು.

1982ರಲ್ಲಿ ಐ.ಆರ್.ಎಸ್. ಅನ್ನೋ ಲೇಬಲ್ ಜೊತೆ ಸೈನ್ ಮಾಡಿದ್ರು. ನನ್ನ ಪ್ರಕಾರ ಕಥೆ ತಿರುಗೋದು ಇಲ್ಲೇ.

ಆಲ್ಬಂ ಮಾಡೋಕೆ ಲೇಬಲ್‌ನೋರು ಸ್ಟೀಫನ್ ಹೇಗ್ ಅನ್ನೋ ಪ್ರೊಡ್ಯೂಸರ್‌ನ ಕರೆಸಿದ್ರು. ಅವ್ರಿಗೆ ಎಲ್ಲಾ ಅಚ್ಚುಕಟ್ಟಾಗಿರ್ಬೇಕು, ತಾಳ ಒಂದು ಕೂದಲೆಳೆಯಷ್ಟೂ ಆಚೀಚೆ ಆಗಬಾರದು. 'ಕ್ಯಾಟಪಲ್ಟ್' ಅನ್ನೋ ಒಂದೇ ಹಾಡನ್ನ ಮತ್ತೆ ಮತ್ತೆ ಮತ್ತೆ ನುಡಿಸಿದ್ರು, ಬಿಲ್ ಬೆರ್ರಿಗೆ ತನಗೆ ಡ್ರಮ್ಸೇ ಬರಲ್ವೇನೋ ಅನ್ನೋ ಮಟ್ಟಕ್ಕೆ ಮನಸ್ಸು ಕುಗ್ಗಿಹೋಯ್ತು. ಸಾಲದು ಅಂತ ಆಮೇಲೆ ಟೇಪ್ ತಗೊಂಡು ಹೋಗಿ ಅದರ ಮೇಲೆ ಕೀಬೋರ್ಡ್ ಬೇರೆ ಸೇರಿಸಿದ್ರು. ಅದು ಆ ಕಾಲದ ಫ್ಯಾಷನ್, ಹೇಗ್ ಅವರನ್ನ ತಪ್ಪು ಅನ್ನೋಕಾಗಲ್ಲ. ಆದ್ರೆ ಇವರು ಅದನ್ನ ಕೇಳಿ, ಇದು ನಾವಲ್ಲ, ನಮ್ಗೆ ನಾರ್ತ್ ಕ್ಯಾರೊಲೈನಾದ ಮಿಚ್ ಈಸ್ಟರೇ ಬೇಕು ಅಂತ ಪಟ್ಟು ಹಿಡಿದ್ರು. ಮಿಚ್ ಈಸ್ಟರ್ ಅಂದ್ರೆ ಅಪ್ಪ ಅಮ್ಮನ ಮನೆಯ ಗ್ಯಾರೇಜನ್ನೇ ಸ್ಟುಡಿಯೋ ಮಾಡ್ಕೊಂಡಿದ್ದೋರು, ಬ್ಯಾಂಡಿನ ಮೊದಲ ಸಿಂಗಲ್ ರೆಕಾರ್ಡ್ ಆಗಿದ್ದೂ ಅಲ್ಲೇ. ಇನ್ನೂ ಒಂದು ಆಲ್ಬಂ ಕೂಡ ಬಂದಿಲ್ಲ, ದುಡ್ಡು ಹಾಕ್ತಿರೋರು ಎದುರಿಗೆ ಕೂತಿದಾರೆ, ಅವರ ಮುಂದೆ ಬೇಡ ಅನ್ನೋಕೆ ಎಷ್ಟು ಧೈರ್ಯ ಬೇಕು ಯೋಚ್ನೆ ಮಾಡಿ! ಲೇಬಲ್‌ನೋರು, ಸರಿ, ಒಂದು ಹಾಡು ಮಾಡಿ ತೋರ್ಸಿ ನೋಡೋಣ ಅಂದ್ರು. ಈಸ್ಟರ್ ಮತ್ತೆ ಡಾನ್ ಡಿಕ್ಸನ್ ಅನ್ನೋ ಇನ್ನೊಬ್ಬ ಪ್ರೊಡ್ಯೂಸರ್ ಇಬ್ರೂ ಸೇರಿ 'ಪಿಲ್ಗ್ರಿಮೇಜ್' ಅನ್ನೋ ಹಾಡು ಮಾಡಿಕೊಟ್ರು, ಕೇಳಿದ್ಮೇಲೆ ಲೇಬಲ್ ಒಪ್ಕೊಂತು.

1983ರ ಜನವರಿ, ಫೆಬ್ರವರೀಲಿ ಶಾರ್ಲಟ್ ಊರಿನ ರಿಫ್ಲೆಕ್ಷನ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್. ಆಗ ಎಲ್ಲರ ಹಾಡಲ್ಲೂ ಸಿಂಥಸೈಜರ್ ಇರ್ತಿತ್ತು, ಇವ್ರು ಅದನ್ನ ಬೇಡ ಅಂದ್ರು. ರಾಕ್ ಅಂದ್ಮೇಲೆ ಗಿಟಾರ್ ಸೋಲೋ, ಅಂದ್ರೆ ಹಾಡಿನ ಮಧ್ಯೆ ಗಿಟಾರೇ ಮುಂದೆ ಬಂದು ಮೆರೆಯೋ ಭಾಗ, ಇರ್ಲೇಬೇಕು ಅಂತಾರಲ್ಲ, ಅದೂ ಬೇಡ. ಬಕ್‌ನ ಗಿಟಾರ್ ತಂತಿ ಒಂದೊಂದನ್ನೇ ಮೀಟ್ಕೊಂಡು ಗಲಗಲ ಅಂತ ಹರೀತಾ ಹೋಗತ್ತೆ, ಅದರ ಕೆಳಗೆ ಮಿಲ್ಸ್‌ನ ಬೇಸ್ ತಾನೇ ಒಂದು ರಾಗ ಹಾಡ್ತಾ ಇರತ್ತೆ, ದಯವಿಟ್ಟು ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಫೋನ್ ಸ್ಪೀಕರಲ್ಲಿ ಆ ಬೇಸ್ ಸಿಗಲ್ಲ. 'ವಿ ವಾಕ್' ಹಾಡಲ್ಲಿ ದೂರದಲ್ಲೆಲ್ಲೋ ಗುಡುಗಿದ ಹಾಗೆ ಕೇಳ್ಸತ್ತಲ್ಲ, ಅದು ಬಿಲಿಯರ್ಡ್ಸ್ ಚೆಂಡುಗಳು ಡಿಕ್ಕಿ ಹೊಡೆಯೋ ಸದ್ದು, ರೆಕಾರ್ಡ್ ಮಾಡಿ ನಿಧಾನ ಮಾಡಿದಾರೆ ಅಷ್ಟೇ. ಸ್ಟೈಪ್ ಮಾತ್ರ ಸ್ಟುಡಿಯೋ ಪಕ್ಕದ ಮೆಟ್ಟಿಲ ಹತ್ರ ಕತ್ತಲಲ್ಲಿ ನಿಂತ್ಕೊಂಡು ಹಾಡಿದ್ದು, ಯಾರೂ ತನ್ನ ನೋಡಬಾರದು ಅಂತ. ಧ್ವನಿಯನ್ನ ವಾದ್ಯಗಳಿಗಿಂತ ಮೇಲೆ ಎತ್ತಿಲ್ಲ, ಅದೂ ಒಂದು ವಾದ್ಯ ಅನ್ನೋ ಹಾಗೆ ಒಳಗೇ ಬೆರೆಸಿಬಿಟ್ಟಿದಾರೆ.

ಅದಕ್ಕೇ ಮಾತು ತಿಳಿಯಲ್ಲ. ಆದ್ರೆ 'ಪರ್ಫೆಕ್ಟ್ ಸರ್ಕಲ್' ಕೇಳುವಾಗ ನನಗೆ ಗಂಟಲು ಬಿಗಿಯತ್ತೆ, ಪ್ರತೀ ಸಲ. ತಂಬೂರಿ ಹಿಡಿದು ಹಾಡೋರ ತತ್ವಪದ ಕೇಳ್ತಾ ಒಳಗರ್ಥ ಹಿಡಿಯೋ ಮೊದಲೇ ಕಣ್ಣು ಒದ್ದೆ ಆಗಿದ್ಯಲ್ಲ ನಿಮ್ಗೂ, ಅದೇ ಥರ.

ಇನ್ನೊಂದು ವಿಷ್ಯ, ಹೊಸ ಬ್ಯಾಂಡ್ ಮಾಡೋರು ಕಿವಿಗೊಟ್ಟು ಕೇಳಿ. ಹಾಡು ಯಾರ ತಲೆಯಿಂದ ಬಂದಿರ್ಲಿ, ಕ್ರೆಡಿಟ್ಟು ನಾಲ್ವರ ಹೆಸರಲ್ಲೇ, ದುಡ್ಡೂ ಸಮಪಾಲು. ಪಾಲಿನ ಜಗಳಕ್ಕೇ ಎಷ್ಟೋ ಬ್ಯಾಂಡ್ ಒಡೆದುಹೋಗತ್ತೆ, ಇವರು ಆ ಜಗಳಕ್ಕೆ ಮೊದಲೇ ಜಾಗ ಕೊಡ್ಲಿಲ್ಲ. ಬಿಲ್ ಬೆರ್ರಿ 1997ರಲ್ಲಿ ಹೊರಗೆ ಬಂದ್ರು, ಉಳಿದ ಮೂವರು 2011ರವರೆಗೆ ನಡೆಸಿದ್ರು.

ಮತ್ತೆ 1983ಕ್ಕೆ ಬರೋಣ, ಏಪ್ರಿಲ್ 12ಕ್ಕೆ ಆಲ್ಬಂ ಬಂತು. ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟೀಲಿ 36ನೇ ಜಾಗ, ಚಿಕ್ಕ ಲೇಬಲ್ಲಿನ ಹೊಸಬ್ರಿಗೆ ಅದು ಸಣ್ಣದಲ್ಲ. ಈಗ ಈ ಕವರ್ ನೋಡಿ. ರೈಲು ಹಳಿ ಪಕ್ಕದ ಜಾಗ ಪೂರ್ತಿ ಕುಡ್ಜು ಬಳ್ಳಿ ಹಬ್ಬಿ ಮುಚ್ಚಿಹೋಗಿದೆ. ಜಪಾನಿನಿಂದ ಬಂದ ಬಳ್ಳಿ ಅದು, ಮಣ್ಣು ಕೊಚ್ಚಿಹೋಗದಿರ್ಲಿ ಅಂತ ಅಮೆರಿಕ ಸರ್ಕಾರವೇ ನೆಡಿಸ್ತು, ಆಮೇಲೆ ನಮ್ಮ ಕಾಡಲ್ಲಿ ಲಂಟಾನ ಹಬ್ಬಿದ ಹಾಗೆ ಮನೆ ಮರ ಕಂಬ ಏನೂ ಬಿಡದೆ ಹಬ್ತು. ಹೆಸರು ಮರ್ಮರ್, ಇಂಗ್ಲಿಷಲ್ಲಿ ಪಿಸುಗುಟ್ಟೋದು. ಕನ್ನಡದಲ್ಲಿ ಮರ್ಮರ ಅಂದ್ರೆ ಎಲೆಗಳು ಅಲುಗಾಡೋ ಸದ್ದು. ಕವರ್ ತುಂಬಾ ಎಲೆ! ಇದು ಗೊತ್ತಾದ ದಿನ ಈ ಆಲ್ಬಂ ನನಗೆ ಇನ್ನೂ ಹತ್ರ ಆಯ್ತು.

ಆ ಅಕ್ಟೋಬರಲ್ಲಿ ಡೇವಿಡ್ ಲೆಟರ್‌ಮನ್ ನಡೆಸ್ತಿದ್ದ ಟಿವಿ ಶೋಗೆ ಹೋಗಿ ಒಂದು ಹಾಡು ಹಾಡಿದ್ರು. ಲೆಟರ್‌ಮನ್ ಬಂದು ಮಾತಾಡಿಸುವಾಗ ಬಕ್ ಮತ್ತೆ ಮಿಲ್ಸ್ ಉತ್ತರ ಕೊಡ್ತಿದಾರೆ, ಸ್ಟೈಪ್ ಹಿಂದೆ ಹೋಗಿ ಡ್ರಮ್ಸ್ ಕಟ್ಟೆ ಮೇಲೆ ಕೂತುಬಿಟ್ಟಿದಾನೆ. ಆಮೇಲೆ ಎದ್ದು ಬಂದು ಇನ್ನೊಂದು ಹಾಡು ಹಾಡ್ತಾನೆ, ಹೊಸಾದು, ಅದಕ್ಕಿನ್ನೂ ಹೆಸರೇ ಇಟ್ಟಿರ್ಲಿಲ್ಲ.