ದಿಮ್ಮಿ ತೇಲಿದ ಹೊಳೆ ಮತ್ತು ಒಬ್ಬ ಕಾನೂನು ಮೇಷ್ಟ್ರು

ಕೇಳುಗರಿಗೆ ನಮಸ್ಕಾರ.

ಹೊಳೆಯಲ್ಲಿ ಎಷ್ಟು ನೀರಿದ್ದರೆ ಅದು ಸಾರ್ವಜನಿಕ ಜಲಮಾರ್ಗ? ದೋಣಿ ಸಾಗುವಷ್ಟು ಎನ್ನುತ್ತೀರಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟ್ 1877ರಲ್ಲಿ ಬೇರೆಯೇ ಅಳತೆ ಹಿಡಿಯಿತು: ಮರದ ದಿಮ್ಮಿ ತೇಲಿಕೊಂಡು ಮಾರುಕಟ್ಟೆ ಸೇರುವಷ್ಟಿದ್ದರೆ ಸಾಕು. ದಡ ಯಾರದೇ ಇರಲಿ, ತಡೆಯುವಂತಿಲ್ಲ.

ಕಾನೂನಿಗೂ ವ್ಯಾಪಾರಕ್ಕೂ ಇರುವ ಇಂಥ ನಂಟನ್ನು ಜೀವಮಾನವಿಡೀ ಹುಡುಕಿದವರು ಜೇಮ್ಸ್ ವಿಲ್ಲರ್ಡ್ ಹರ್ಸ್ಟ್. ಹುಟ್ಟಿದ್ದು 1910ರಲ್ಲಿ. ಹಾರ್ವರ್ಡ್‌ನಲ್ಲಿ ಓದಿ, ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬ್ರಾಂಡೈಸ್ ಅವರ ಬಳಿ ಲಾ ಕ್ಲರ್ಕ್, ಅಂದರೆ ಕಾನೂನು ಸಹಾಯಕ ಆಗಿದ್ದು, 1937ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಬಂದರು. ಅಲ್ಲೇ ನೆಲೆ ನಿಂತರು.

ಆಗ ಕಾನೂನಿನ ಚರಿತ್ರೆಯೆಂದರೆ ಹೆಚ್ಚಾಗಿ ಇಂಗ್ಲೆಂಡಿನ ಹಳೆಯ ಕೋರ್ಟುಗಳು, ದೊಡ್ಡ ನ್ಯಾಯಾಧೀಶರು. ಹರ್ಸ್ಟ್ ಕೈಹಾಕಿದ್ದು ಮರದ ವ್ಯಾಪಾರಕ್ಕೆ. ಹತ್ತಾರು ಮಾಲೀಕರ ದಿಮ್ಮಿಗಳು ಒಂದೇ ಹೊಳೆಯಲ್ಲಿ ಕಲೆಸಿಕೊಂಡು ಬರುತ್ತಿದ್ದವು. ಯಾರದು ಯಾವುದು? ದಿಮ್ಮಿಯ ತುದಿಗೆ ಸುತ್ತಿಗೆಯಿಂದ ಒತ್ತಿದ ಗುರುತು ನೋಡಬೇಕು. ಆ ಗುರುತಿಗೂ ಸರ್ಕಾರಿ ನೋಂದಣಿ. ಕೂಲಿ ಬಾಕಿಯಾದರೆ ಕೆಲಸಗಾರನಿಗೆ ದಿಮ್ಮಿಯ ಮೇಲೇ ಹಕ್ಕು. ಹೊಳೆಗೆ ಅಡ್ಡ ಕಟ್ಟಿ ದಿಮ್ಮಿ ಬೇರ್ಪಡಿಸುವ ಕಂಪನಿಗೆ ಶಾಸನಸಭೆಯ ಸನ್ನದು. ಇದನ್ನೆಲ್ಲ ಹೆಕ್ಕಿ, 1836ರಿಂದ 1915ರವರೆಗಿನ ಕಥೆಯನ್ನು 1964ರಲ್ಲಿ ಒಂಬೈನೂರು ಪುಟ ಮೀರಿದ ಗ್ರಂಥವಾಗಿ ತಂದರು. ಅವರ ವಾಕ್ಯಗಳೂ ಆ ದಿಮ್ಮಿಗಳಷ್ಟೇ ಭಾರ, ನಿಜ.

ಆದರೆ ಹೇಳಿದ ಮಾತು ಹರಿತ. ಮರ ಬೇಗ ಸಾಗಲಿ ಎಂದು ಕಾನೂನು ನೂರು ದಾರಿ ಮಾಡಿಕೊಟ್ಟಿತು. ಕಾಡು ಎಷ್ಟು ಉಳಿದಿದೆ ಎಂದು ಕೇಳುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ. ಹರ್ಸ್ಟ್ ಇದರಲ್ಲಿ ಪಿತೂರಿ ಹುಡುಕಲಿಲ್ಲ. ನಿರ್ಧಾರವನ್ನೇ ಮಾಡದೆ ಪ್ರವಾಹ ಹೋದತ್ತ ಹೋಗುವ ಜಡತೆ ಕಂಡರು. ಆರ್ಥಿಕ ಆಡಳಿತದ ಬಗ್ಗೆ ಇದಕ್ಕಿಂತ ಉಪಯುಕ್ತವಾದ ಒಳನೋಟ ನನಗೆ ಕಂಡಿಲ್ಲ. ಆಮೇಲೆ ಕಂಪನಿಗಳ ಕಾನೂನು, ಹಣದ ಕಾನೂನುಗಳ ಚರಿತ್ರೆಯನ್ನೂ ಬರೆದರು. 1997ರಲ್ಲಿ ತೀರಿಕೊಂಡರು.

ಸಮಾಜದಲ್ಲಿ ಎಲ್ಲರಿಗೂ ಒಂದೇ ಗುರಿ ಇತ್ತು ಎಂಬಂತೆ ಬರೆದರು, ಮೂಲನಿವಾಸಿಗಳಿಗೆ ಜಾಗ ಕೊಟ್ಟದ್ದು ಕಡಿಮೆ ಎಂಬ ಟೀಕೆ ಅವರ ಮೇಲಿದೆ. ಟೀಕೆ ಸರಿಯಾಗಿಯೇ ಇದೆ. ಆ ಪೈನ್ ಕಾಡಿನ ದೊಡ್ಡ ಪಾಲು 1837ರ ಒಪ್ಪಂದದಲ್ಲಿ ಒಜಿಬ್ವೆ ಎಂಬ ಮೂಲನಿವಾಸಿ ಜನರ ಕೈತಪ್ಪಿದ್ದು. ಬೇಟೆ, ಮೀನುಗಾರಿಕೆಯಂಥ ಹಕ್ಕನ್ನು ಮಾತ್ರ ಅವರು ಉಳಿಸಿಕೊಂಡಿದ್ದರು. ಆ ಹಕ್ಕು ಇನ್ನೂ ಊರ್ಜಿತವಿದೆ ಎಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿದ್ದು 1983ರಲ್ಲಿ, ಹರ್ಸ್ಟ್ ನಿವೃತ್ತರಾದ ಮೇಲೆ.