ಸೋರುವುದು ಎಲ್ಲಿಂದ? – ಹಳೆಯ ಸಂಘದ ಉಪನ್ಯಾಸ ಮಾಲೆ

(ಮಂಗಳೂರಿನಲ್ಲಿ ಸಂಘ-ಸಂಸ್ಥೆಗಳ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯ ಅಧ್ಯಕ್ಷರೇ, ಸದಸ್ಯ ಬಂಧುಗಳೇ,

ಹಂಚಿನ ಮಾಡು ಸೋರುವಾಗ ನೀರು ಬೀಳುವಲ್ಲಿಯ ನೇರ ಮೇಲಿನ ಹಂಚು ಬದಲಿಸಿದರೆ ಸೋರುವುದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಒಡೆದ ಹಂಚು ಎರಡು ಮೂರು ಸಾಲು ಮೇಲಿರುತ್ತದೆ. ನೀರು ಇಳಿಜಾರಿನ ಪಕ್ಕಾಸಿನ ಗುಂಟ ಹರಿದುಬಂದು ಇಲ್ಲಿ ತೊಟ್ಟಿಕ್ಕುತ್ತದೆ. ಉಪನ್ಯಾಸ ಮಾಲೆಗಳ ವಿಷಯದಲ್ಲಿ ನಾವು ನೋಡುತ್ತಿರುವುದೂ ತೊಟ್ಟಿಕ್ಕುವ ಜಾಗವನ್ನೇ. ಖಾಲಿ ಕುರ್ಚಿ ಕಂಡ ಕೂಡಲೇ ಮೊಬೈಲಿಗೆ ಬೈದು ಕೈತೊಳೆದುಕೊಳ್ಳುತ್ತೇವೆ.

ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮಾತು ಕೇಳುವವರಿಲ್ಲ ಎನ್ನುವುದು ಸುಳ್ಳು. ಮಳೆಗಾಲದ ಒಂದು ತಾಳಮದ್ದಳೆಗೆ, ಅಂದರೆ ಕುಳಿತು ನಡೆಸುವ ಮಾತಿನ ಯಕ್ಷಗಾನಕ್ಕೆ, ಹೋಗಿ ನೋಡಿ. ವೇಷವಿಲ್ಲ, ಕುಣಿತವಿಲ್ಲ, ನಾಲ್ಕೈದು ಅರ್ಥಧಾರಿಗಳು ಕುಳಿತು ವಾದ ಮಾಡುತ್ತಾರೆ, ಜನ ಮೂರು ಗಂಟೆ ಕದಲುವುದಿಲ್ಲ. ವಾಲಿಯ ಪ್ರಶ್ನೆಗೆ ರಾಮನ ಅರ್ಥಧಾರಿ ಕೊಟ್ಟ ಉತ್ತರ ಸಾಲದೆಂದು ಮರುದಿನ ಬಸ್ಸಿನಲ್ಲೂ ಚರ್ಚೆ ನಡೆಯುತ್ತದೆ. ಕಿವಿಗಳು ಇವೆ. ಅವು ನಮ್ಮ ಸಭಾಂಗಣಕ್ಕೆ ಬಾರದಿರುವುದಕ್ಕೆ ಕಾರಣ ನಮ್ಮ ಕಪಾಟಿನಲ್ಲಿದೆ, ನಮ್ಮ ವೇದಿಕೆಯ ಮೇಲಿದೆ.

ಮೊದಲು ಕಪಾಟಿನ ಮಾತು, ಅಂದರೆ ದತ್ತಿ: ಬಡ್ಡಿಯಲ್ಲಿ ಉಪನ್ಯಾಸ ನಡೆಯಲೆಂದು ದಾನಿಗಳು ಇಟ್ಟ ಠೇವಣಿ. 1990ರ ದಶಕದ ಮಧ್ಯದಲ್ಲಿ ಬ್ಯಾಂಕ್ ಠೇವಣಿಗೆ ಶೇ. 12ರ ಆಸುಪಾಸಿನಲ್ಲಿ ಬಡ್ಡಿ ಬರುತ್ತಿತ್ತು. ತಂದೆಯ ಹೆಸರಿನಲ್ಲಿ ಒಬ್ಬರು 10,000 ರೂಪಾಯಿ ಇಟ್ಟರೆ ವರ್ಷಕ್ಕೆ 1,200. ಭಾಷಣಕಾರರ ಬಸ್ ಖರ್ಚು, ಅಂಚೆ ಕಾರ್ಡು, ಕಾಫಿ ಎಲ್ಲ ಅದರಲ್ಲೇ ಸಾಗುತ್ತಿತ್ತು. ಈಗ ಶೇ. 7 ಸಿಕ್ಕಿದರೆ ಅದೇ ದತ್ತಿಗೆ ಬರುವುದು 700. ಬಡ್ಡಿ ಇಳಿಯಿತು, ಖರ್ಚು ಏರಿತು, ಅಸಲು ನಿಂತಲ್ಲೇ ನಿಂತಿತು. ದಾನಿಯ ಮಕ್ಕಳಿಗೆ ಮಾತ್ರ ಪ್ರತಿವರ್ಷ ‘ನಮ್ಮ ಅಪ್ಪನ ದತ್ತಿ ಉಪನ್ಯಾಸ’ ಆಗಲೇಬೇಕು. ಆಗ ಸಂಘ ಮಾಡುವ ಉಪಾಯ ಎಲ್ಲರಿಗೂ ಗೊತ್ತು: ಪಕ್ಕದ ಕಾಲೇಜಿನಲ್ಲಿ, ಊಟಕ್ಕೆ ಮುಂಚಿನ ಅವಧಿಯಲ್ಲಿ, ವಿದ್ಯಾರ್ಥಿಗಳನ್ನು ಕೂರಿಸಿ ಅರ್ಧ ಗಂಟೆಯಲ್ಲಿ ಮುಗಿಸುವುದು. ವರದಿ ಬರುತ್ತದೆ, ಫೋಟೋ ಬರುತ್ತದೆ. ಉಪನ್ಯಾಸ ಆಗಿರುವುದಿಲ್ಲ.

ಲೆಕ್ಕ ಕಷ್ಟದ್ದಲ್ಲ. ಒಂದು ಲಕ್ಷಕ್ಕೆ ಶೇ. 7ರಂತೆ 7,000 ಬರುತ್ತದೆ. ಬೆಲೆಗಳು ವರ್ಷಕ್ಕೆ ಶೇ. 5 ಏರುತ್ತವೆ ಎಂದಿಟ್ಟುಕೊಂಡರೆ 5,000ವನ್ನು ಅಸಲಿಗೇ ಮರಳಿ ಸೇರಿಸಬೇಕು, ಇಲ್ಲವಾದರೆ ದತ್ತಿ ಕರಗುತ್ತದೆ. ಖರ್ಚಿಗೆ ಉಳಿಯುವುದು 2,000. ಹಾಗಾದರೆ 10,000 ಖರ್ಚಿನ ಒಂದು ಮರ್ಯಾದೆಯ ಕಾರ್ಯಕ್ರಮಕ್ಕೆ ಬೇಕಾದ ದತ್ತಿ 5 ಲಕ್ಷ. ಅಷ್ಟು ಕೊಡುವವರು ಕಡಿಮೆ, ನಿಜ. ಆದರೆ 25,000 ಕೊಟ್ಟವರಿಗೆ ‘ಪ್ರತಿವರ್ಷ ನಿಮ್ಮ ಹೆಸರಿನಲ್ಲಿ ಪ್ರತ್ಯೇಕ ಉಪನ್ಯಾಸ’ ಎಂದು ಬರೆದುಕೊಡುವುದು ಸಂಘ ತಾನಾಗಿ ಹಾಕಿಕೊಳ್ಳುವ ಉರುಳು. ಸಣ್ಣ ದತ್ತಿಗಳನ್ನು ಒಂದು ನಿಧಿಯಾಗಿ ಸೇರಿಸಿ, ವರ್ಷಕ್ಕೆ ಎರಡೇ ಒಳ್ಳೆಯ ಉಪನ್ಯಾಸ ಮಾಡಿ, ಆಮಂತ್ರಣದಲ್ಲಿ ಎಲ್ಲ ಹೆಸರುಗಳನ್ನೂ ಅಚ್ಚು ಹಾಕಿ. ಹಳೆಯ ದತ್ತಿಗಳಿಗೆ ಕುಟುಂಬದವರ ಲಿಖಿತ ಒಪ್ಪಿಗೆ ಪಡೆಯಿರಿ. ಹೊಸ ದತ್ತಿಪತ್ರದಲ್ಲಿ ‘ವಿಷಯ, ಅವಧಿ ಮತ್ತು ಸ್ವರೂಪವನ್ನು ಕಾರ್ಯಕಾರಿ ಸಮಿತಿ ಬದಲಿಸಬಹುದು’ ಎಂಬ ಸಾಲು ಇರಲಿ. ‘ಇಂಥವರ ಇಂಥ ಕಾವ್ಯದ ಬಗ್ಗೆಯೇ’ ಎಂಬ ಷರತ್ತು ಒಪ್ಪಿದರೆ ಹತ್ತನೇ ವರ್ಷಕ್ಕೆ ಮೊದಲನೇ ವರ್ಷದ ಭಾಷಣವೇ ತಿರುಗಿ ಬರುತ್ತದೆ.

ಇನ್ನೊಂದು ಸೋರಿಕೆ ಠೇವಣಿಯ ರಸೀದಿಯಲ್ಲೇ ಇರುತ್ತದೆ. ರಸೀದಿ ಸಂಘದ ಹೆಸರಿನಲ್ಲಿರಬೇಕು, ಆಗಿನ ಕಾರ್ಯದರ್ಶಿಯ ಹೆಸರಿನಲ್ಲಲ್ಲ. ಅವರು ತೀರಿಕೊಂಡರೆ ಹಣ ವಾರಸುದಾರರ ಕಡತಕ್ಕೆ ಹೋಗುತ್ತದೆ. ಸಂಘಕ್ಕೆ ತನ್ನದೇ ಪ್ಯಾನ್ ಇಲ್ಲದಿದ್ದರೆ ಬಡ್ಡಿಯ ಮೇಲಿನ ತೆರಿಗೆ ಕಡಿತ ಶೇ. 20ಕ್ಕೆ ಏರುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ವಾರ್ಷಿಕ ಮಹಾಸಭೆಯಾದ 14 ದಿನಗಳೊಳಗೆ ಪದಾಧಿಕಾರಿಗಳ ಪಟ್ಟಿಯನ್ನು ನೋಂದಣಾಧಿಕಾರಿಗೆ ಕೊಡಬೇಕು. ಏಳು ಜನ ಸೇರಿ ಸಂಘ ಕಟ್ಟಬಹುದು. ಆದರೆ ಈ ಪಟ್ಟಿ ನಾಲ್ಕು ವರ್ಷ ಬಾಕಿಯಾದರೆ ಹೊಸ ಸಹಿದಾರರನ್ನು ಒಪ್ಪಲು ಬ್ಯಾಂಕು ಹಿಂದೆಮುಂದೆ ನೋಡುತ್ತದೆ. ಆಗ ದತ್ತಿ ಇದ್ದೂ ಇಲ್ಲದ ಹಾಗೆ.

ಇನ್ನು ವೇದಿಕೆ. ಆಮಂತ್ರಣದಲ್ಲಿ ಸಂಜೆ 5 ಗಂಟೆ. ಶುರುವಾಗುವುದು 5.25ಕ್ಕೆ. ಪ್ರಾರ್ಥನೆ 4 ನಿಮಿಷ, ಸ್ವಾಗತ 8, ದೀಪ 4, ಪ್ರಾಸ್ತಾವಿಕ 12, ಉದ್ಘಾಟಕರು 15, ಉಪನ್ಯಾಸಕರ ಪರಿಚಯ 7. ಒಟ್ಟು 50. ಉಪನ್ಯಾಸಕರು ಮೈಕಿನ ಮುಂದೆ ನಿಲ್ಲುವಾಗ 6.15. ಹಳ್ಳಿಯ ಕಡೆಯ ಬಸ್ಸು ಹಿಡಿಯಬೇಕಾದವರು ಆಗಲೇ ಚಪ್ಪಲಿ ಹುಡುಕುತ್ತಿರುತ್ತಾರೆ. 6.40ಕ್ಕೆ ಮೇಜಿನ ಮೇಲೆ ಚೀಟಿ ಬರುತ್ತದೆ: ‘ದಯವಿಟ್ಟು ಸಂಕ್ಷಿಪ್ತಗೊಳಿಸಿ’. ಮೂರು ತಿಂಗಳು ಓದಿ ಬಂದವರಿಗೆ 25 ನಿಮಿಷ, ಏನೂ ಓದದ ಐವರಿಗೆ ಅದರ ಎರಡರಷ್ಟು.

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ 1820ರ ದಶಕದಲ್ಲಿ ಆರಂಭಿಸಿದ ಶುಕ್ರವಾರದ ಉಪನ್ಯಾಸಗಳ ಕ್ರಮ ಇದಕ್ಕೆ ತೀರಾ ವಿರುದ್ಧ. ಗಂಟೆ ಹೊಡೆಯುತ್ತದೆ, ಬಾಗಿಲು ತೆರೆಯುತ್ತದೆ, ಉಪನ್ಯಾಸಕರು ಬಂದು ಪರಿಚಯವಿಲ್ಲದೆ ನೇರವಾಗಿ ವಿಷಯಕ್ಕೆ ಇಳಿಯುತ್ತಾರೆ. ಸರಿಯಾಗಿ ಒಂದು ಗಂಟೆಗೆ ನಿಲ್ಲಿಸುತ್ತಾರೆ. ನಮ್ಮಲ್ಲಿ ಅಷ್ಟು ಬಿಗಿ ನಡೆಯಲಿಕ್ಕಿಲ್ಲ, ನಡೆಯಬೇಕೆಂದೂ ಇಲ್ಲ; ಬಂದವರನ್ನು ಮಾತಾಡಿಸದೆ ಕೂರಿಸುವುದು ನಮ್ಮ ಕ್ರಮವಲ್ಲ. ಮಾತಾಡಿಸುವುದನ್ನು ಬಾಗಿಲಲ್ಲಿ ಮಾಡೋಣ. 4.40ಕ್ಕೆ ಚಹಾ. 5 ಗಂಟೆಗೆ ಒಬ್ಬರೇ ಎದ್ದು ಮೂರು ನಿಮಿಷದಲ್ಲಿ ಹೆಸರು, ವಿಷಯ, ಇವರನ್ನೇ ಕರೆದ ಕಾರಣ ಹೇಳಲಿ. 5.48ರ ತನಕ ಉಪನ್ಯಾಸ, 6.10ರ ತನಕ ಪ್ರಶ್ನೆ, ಆಮೇಲೆ ಐದು ನಿಮಿಷ ಶಾಲು, ಹಾರ, ವಂದನೆ. ದಾನಿಯ ಪರಿಚಯ ಅಚ್ಚಾದ ಹಾಳೆಯಲ್ಲಿ ಕುರ್ಚಿಯ ಮೇಲಿರಲಿ. ಕೇಳುವುದಕ್ಕಿಂತ ಹೆಚ್ಚು ಜನ ಅದನ್ನು ಓದುತ್ತಾರೆ.

ಶಾಲು ಕೊನೆಗೆ ಎಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಕಾಲರಿಗೆ ಸಿಕ್ಕಿಸಿದ ಮೈಕಿನ ಮೇಲೆ ಶಾಲು ಉಜ್ಜಿದರೆ ಭಾಷಣವಿಡೀ ಕರಕರ ಎನ್ನುತ್ತದೆ. ನಿಲುಮೈಕಾದರೆ ಬಾಯಿಂದ ಒಂದು ಗೇಣಿನೊಳಗೆ ಇರಬೇಕು. ಧ್ವನಿಪೆಟ್ಟಿಗೆಗಳು ಮೈಕಿಗಿಂತ ಸಭೆಯ ಕಡೆಗೆ ಮುಂದಿರಬೇಕು. ಹಿಂದಿದ್ದರೆ ಅದರ ಸದ್ದು ಮತ್ತೆ ಮೈಕಿಗೇ ಹೊಕ್ಕು ಕೂಗುತ್ತದೆ, ಆಪರೇಟರ್ ಸದ್ದು ಇಳಿಸುತ್ತಾನೆ, ಹಿಂದಿನ ಸಾಲಿಗೆ ಏನೂ ಕೇಳುವುದಿಲ್ಲ. ಪ್ರಶ್ನೆಯ ಹೊತ್ತಿಗೆ ಕೈಮೈಕನ್ನು ಸ್ವಯಂಸೇವಕರೇ ಹಿಡಿದಿರಲಿ. ಒಮ್ಮೆ ಕೈಗೆ ಕೊಟ್ಟರೆ ಅಲ್ಲೇ ಎರಡನೆಯ ಉಪನ್ಯಾಸ ಆರಂಭವಾಗುತ್ತದೆ.

ಬರೆದು ತರುವ ಉಪನ್ಯಾಸಕರಿಗೆ ಪದಗಳ ಅಂದಾಜು ಮೊದಲೇ ತಿಳಿಸಿ. ಕನ್ನಡವನ್ನು ಕೇಳುವವರಿಗೆ ಹಿತವಾಗುವಂತೆ ಓದಿದರೆ ನಿಮಿಷಕ್ಕೆ ಹೆಚ್ಚುಕಡಿಮೆ 90ರಿಂದ 100 ಪದ. 45 ನಿಮಿಷಕ್ಕೆ 4,000 ಪದ ಸಾಕು. 7,000 ಪದ ತಂದವರು ಕೊನೆಯ ಭಾಗವನ್ನು, ಅಂದರೆ ತಮ್ಮದೇ ಹೊಸ ಮಾತಿರುವ ಭಾಗವನ್ನು, ಓಡಿಸಿಬಿಡುತ್ತಾರೆ.

ಯಾವ ತಿಂಗಳು? ದೀಪಾವಳಿಯ ಹೊತ್ತಿಗೆ ಯಕ್ಷಗಾನ ಮೇಳಗಳು ಹೊರಟರೆ ಮೇ ಕೊನೆಯ ಪತ್ತನಾಜೆಯವರೆಗೆ ಯಕ್ಷಗಾನದ ಆಟ, ಜಾತ್ರೆ, ದೈವದ ಕೋಲ, ಮದುವೆ. ಆ ಕಾಲದ ಭಾನುವಾರ ಸಂಜೆಯನ್ನು ನಮಗೆ ಯಾರೂ ಬಿಟ್ಟುಕೊಡುವುದಿಲ್ಲ. ಜುಲೈ–ಆಗಸ್ಟಿನ ತುಳು ತಿಂಗಳಾದ ಆಟಿಯಲ್ಲಿ ಶುಭಕಾರ್ಯಗಳಿಲ್ಲ, ಸಭಾಂಗಣ ಸುಲಭವಾಗಿ ಸಿಗುತ್ತದೆ, ಜನರಿಗೂ ಬಿಡುವು. ಅಪಾಯ ಒಂದೇ: ತಗಡಿನ ಮಾಡು. ಜೋರು ಮಳೆಗೆ ಅದರಡಿಯಲ್ಲಿ ಯಾವ ಮೈಕೂ ನಡೆಯುವುದಿಲ್ಲ. ಕಾಂಕ್ರೀಟು ಚಾವಣಿ ಸಿಗುತ್ತದೋ ನೋಡಿ. ಇಲ್ಲವಾದರೆ ಹಂಚು, ಅದರಡಿಯಲ್ಲಿ ಹಲಗೆಯ ಮುಚ್ಚಿಗೆ.

ಕೊನೆಗೆ ಕಪಾಟಿನ ಕೆಳಗಿನ ಅರೆ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರದು, ಬೆಂಗಳೂರಿನ ಮಿಥಿಕ್ ಸೊಸೈಟಿ 1909ರದು, ಸಾಹಿತ್ಯ ಪರಿಷತ್ತು 1915ರದು. ಅಂದಿನ ಮಾತುಗಳಲ್ಲಿ ಇಂದು ನಮ್ಮ ಕೈಗೆ ಸಿಗುವುದು ಅಚ್ಚಾದವು ಮಾತ್ರ. ನಮ್ಮ ಸಂಘಗಳಲ್ಲಿ ಕ್ಯಾಸೆಟ್ಟುಗಳಿವೆ, ಬಹುಪಾಲು ಸಿ-90. ಒಂದು ಬದಿಗೆ 45 ನಿಮಿಷ. ಮಗುಚಿ ಹಾಕುವಾಗ ತಪ್ಪಿದ ವಾಕ್ಯ ತಪ್ಪಿದ್ದೇ. ಕರಾವಳಿಯ ತೇವಕ್ಕೆ ಸುರುಳಿಯ ಅಂಚಿನಲ್ಲಿ ಬಿಳಿ ಬೂಸ್ಟು ಕಟ್ಟುತ್ತದೆ. ಅಂಥದ್ದನ್ನು ‘ಒಮ್ಮೆ ಹಾಕಿ ನೋಡೋಣ’ ಎನ್ನಬೇಡಿ: ಬೂಸ್ಟು ಯಂತ್ರದ ಹೆಡ್ಡಿಗೆ ಹತ್ತಿ ಮುಂದಿನ ಒಳ್ಳೆಯ ಕ್ಯಾಸೆಟ್ಟಿಗೂ ದಾಟುತ್ತದೆ. ಬೇರೆಯಾಗಿಡಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಒಣಗಿಸಿ, ತಿಳಿದವರಿಂದ ಶುಚಿ ಮಾಡಿಸಿ. ಚೆನ್ನಾಗಿರುವವನ್ನು ಮೊದಲು ನಕಲು ಮಾಡಿ. ಸಿ-90ಕ್ಕೆ 90 ನಿಮಿಷವೇ ಬೇಕು, ಅಡ್ಡದಾರಿ ಇಲ್ಲ. ಮೋನೋ ವೇವ್ ಕಡತ, 44.1 ಕಿಲೋಹರ್ಟ್ಸ್, 16 ಬಿಟ್ ಆದರೆ ಗಂಟೆಗೆ ಸುಮಾರು 318 ಎಂಬಿ. ಮೂಲಪ್ರತಿ ಅದೇ ಇರಲಿ. ಕೇಳಲು ಕೊಡುವ ಎಂಪಿ3 64 ಕೆಬಿಪಿಎಸ್‌ನಲ್ಲಿ 29 ಎಂಬಿಗೆ ಇಳಿಯುತ್ತದೆ. ಎರಡು ಪ್ರತಿ ಎರಡು ಕಟ್ಟಡಗಳಲ್ಲಿರಲಿ.

ಪ್ರಕಟಿಸುವ ಮುಂಚೆ ಒಂದು ಕಾಗದ ಬೇಕು. 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಸಾರ್ವಜನಿಕ ಭಾಷಣದ ಮೊದಲ ಹಕ್ಕುದಾರ ಅದನ್ನು ಮಾಡಿದವರು. ಏರ್ಪಡಿಸಿದ್ದೇವೆ, ಗೌರವಧನ ಕೊಟ್ಟಿದ್ದೇವೆ ಎಂದು ಹಕ್ಕು ಸಂಘಕ್ಕೆ ಬರುವುದಿಲ್ಲ. ಲೇಖಕರು ತೀರಿಕೊಂಡು 60 ವರ್ಷದವರೆಗೂ ಆ ಹಕ್ಕು ಉಳಿಯುತ್ತದೆ. ಆದ್ದರಿಂದ ಪ್ರಯಾಣವೆಚ್ಚದ ರಸೀದಿಗೆ ಸಹಿ ಹಾಕಿಸುವಾಗಲೇ ‘ಧ್ವನಿಮುದ್ರಣ ಮತ್ತು ಮುದ್ರಣಕ್ಕೆ ಒಪ್ಪಿಗೆ ಇದೆ’ ಎಂಬ ಎರಡನೆಯ ಹಾಳೆಯನ್ನೂ ಮುಂದಿಡಿ. ಮರುದಿನ ಅಂಚೆಯಲ್ಲಿ ಕಳಿಸಿದ ಹಾಳೆ ತಿರುಗಿ ಬರುವುದು ಅಪರೂಪ.