ಸಿನಿಮಾ ಹೇಗಿತ್ತು?

ಕೇಳುಗರೆಲ್ಲರಿಗೂ ನಮಸ್ಕಾರ.

ಸಿನಿಮಾ ಮುಗಿದು ಜನ ಹೊರಗೆ ಬರುವ ಹೊತ್ತು ನನಗೆ ತುಂಬಾ ಇಷ್ಟ. ದೀಪ ಹತ್ತುತ್ತದೆ. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ಏಳುತ್ತಾರೆ. ಒಬ್ಬರು ಸೀಟಿನ ಕೆಳಗೆ ಕಾಲಾಡಿಸಿ ಚಪ್ಪಲಿ ಹುಡುಕುತ್ತಾರೆ. ಇನ್ನೊಬ್ಬರು ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ. ಪರದೆ ಮೇಲೆ ಹೆಸರುಗಳು ಇನ್ನೂ ಓಡುತ್ತಿರುತ್ತವೆ. ಅಲ್ಲಿಯವರೆಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಬಾಗಿಲು ದಾಟಿದ್ದೇ ತಡ, ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ: "ಹೇಗಿತ್ತು?"

ಉತ್ತರಗಳೂ ನಮಗೆ ಗೊತ್ತಿರುವವೇ. "ಸೂಪರ್." "ಪರವಾಗಿಲ್ಲ." "ಒಂದ್ಸಲ ನೋಡಬಹುದು." "ಫಸ್ಟ್ ಹಾಫ್ ಚೆನ್ನಾಗಿತ್ತು, ಸೆಕೆಂಡ್ ಹಾಫ್ ಎಳೆದುಬಿಟ್ಟಿದ್ದಾರೆ." "ಸುಮ್ನೆ ಟೈಮ್ ವೇಸ್ಟ್." ಎರಡೂವರೆ ಗಂಟೆ ಕತ್ತಲಲ್ಲಿ ಕೂತು ನೋಡಿದ್ದು ಎರಡು ಮಾತಿನಲ್ಲಿ ಮುಗಿದುಹೋಗುತ್ತದೆ.

ನಾನು ವಿಮರ್ಶಕನಲ್ಲ. ವಾರವೆಲ್ಲ ದುಡಿದು, ಬಿಡುವಾದಾಗ ಒಂದು ಸಿನಿಮಾ ನೋಡುವವನು. ನಿಮ್ಮಲ್ಲೂ ಹೆಚ್ಚಿನವರು ಹಾಗೇ ಅಲ್ವಾ? ನಮ್ಮಂಥವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಅಭಿಪ್ರಾಯಕ್ಕೆ ದೊಡ್ಡ ಬೆಲೆ ಇದೆ ಎಂದು ನಾನು ನಂಬಿದ್ದೇನೆ. ಆದರೆ ಆ ಬೆಲೆ "ಸೂಪರ್" ಎಂಬ ಮಾತಿನಲ್ಲಿಲ್ಲ. ಅದು ಎಲ್ಲಿದೆ ಎಂದು ನನಗೆ ತಿಳಿದದ್ದು ನಮ್ಮ ಅಕ್ಕನಿಂದ.

ಅಕ್ಕ ನರ್ಸ್. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅದೇ ಕೆಲಸ. ಒಮ್ಮೆ ನಾವಿಬ್ಬರೂ ಒಂದೇ ಸಿನಿಮಾವನ್ನು ಬೇರೆ ಬೇರೆ ದಿನ ನೋಡಿದೆವು. ನನಗೆ ಅದು ಹಿಡಿಸಲಿಲ್ಲ. ತುಂಬಾ ನಿಧಾನ, ಕಥೆಯೇ ಮುಂದಕ್ಕೆ ಹೋಗುವುದಿಲ್ಲ ಎಂದು ನಾಲ್ಕು ಜನರಿಗೆ ಹೇಳಿಯೂ ಆಗಿತ್ತು. ಅಕ್ಕನನ್ನು ಕೇಳಿದೆ. ಅವಳು ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ. "ಆಸ್ಪತ್ರೆ ಸೀನಿನಲ್ಲಿ ಆ ಮಗಳು ಒಳಗೆ ಬಂದವಳೇ ಮೊದಲು ಅಪ್ಪನ ಪಾದ ಮುಟ್ಟಿ ನೋಡ್ತಾಳಲ್ಲ, ಅದನ್ನ ನೋಡಿದೆಯಾ?" ಎಂದು ಕೇಳಿದಳು.

ನಾನು ನೋಡಿರಲಿಲ್ಲ. ನೋಡಿದ್ದರೂ ನಮಸ್ಕಾರ ಮಾಡಿದಳು ಎಂದುಕೊಂಡಿರುತ್ತಿದ್ದೆ.

"ನಮಸ್ಕಾರ ಅಲ್ಲ ಕಣೋ. ಕಾಲು ತಣ್ಣಗಿದೆಯಾ ಅಂತ ನೋಡೋದು. ತುಂಬಾ ದಿನ ಹಾಸಿಗೆ ಪಕ್ಕ ಕೂತವರು ಹಾಗೇ ಮಾಡ್ತಾರೆ. ಮುಖ ಆಮೇಲೆ ನೋಡ್ತಾರೆ. ಅದನ್ನ ಯಾರೂ ಹೇಳಿಕೊಡಲ್ಲ. ಆ ಹುಡುಗಿಗೆ ಅದು ಹೇಗೆ ಗೊತ್ತಾಯ್ತೋ!"

ನಾನು ಆ ಸಿನಿಮಾಕ್ಕೆ ಇನ್ನೊಮ್ಮೆ ಹೋದೆ. ಆ ಸೀನಿಗಾಗಿ ಕಾದು ಕೂತೆ. ಬಂತು. ಅವಳು ಬಾಗಿಲು ತಳ್ಳಿ ಒಳಗೆ ಬರುತ್ತಾಳೆ. ಚೀಲವನ್ನೂ ಕೆಳಗಿಡುವುದಿಲ್ಲ. ಬಲಗೈ ತಾನಾಗೇ ಹೊದಿಕೆಯ ಅಡಿಗೆ ಹೋಗುತ್ತದೆ. ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಹೆಗಲು ಸಡಿಲವಾಗುತ್ತದೆ. ಅಷ್ಟೇ. ಮಾತಿಲ್ಲ, ಹಿನ್ನೆಲೆ ಸಂಗೀತವಿಲ್ಲ. ನಿಧಾನ ಎಂದು ನಾನು ಬೈದಿದ್ದ ಸಿನಿಮಾ ಆ ಒಂದು ಗಳಿಗೆಗಾಗಿಯೇ ನಿಧಾನವಾಗಿತ್ತು. ನನ್ನ ಮಾತು ಕೇಳಿ ಆ ಸಿನಿಮಾಕ್ಕೆ ಹೋಗದೆ ಉಳಿದ ನಾಲ್ಕು ಜನ ಆಗ ನೆನಪಾದರು. ಮನಸ್ಸಿಗೆ ನಿಜಕ್ಕೂ ಬೇಜಾರಾಯಿತು. ಅವರಿಗೆಲ್ಲ ಮತ್ತೆ ಫೋನ್ ಮಾಡಿ ಹೇಳಿದೆ.

ನೋಡಿ, ಸಾಮಾನ್ಯ ಪ್ರೇಕ್ಷಕರು ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಟಿಕೆಟ್ ಹರಿಸಿಕೊಂಡು ಒಳಗೆ ಹೋಗುವ ಪ್ರತಿಯೊಬ್ಬರೂ ಒಂದೊಂದು ಬದುಕನ್ನು ಜೊತೆಯಲ್ಲಿ ತೆಗೆದುಕೊಂಡೇ ಹೋಗುತ್ತಾರೆ. ಬಟ್ಟೆ ಹೊಲಿಯುವವರಿಗೆ ನಾಯಕಿಯ ತೋಳಿನ ಹೊಲಿಗೆ ಕಾಣುತ್ತದೆ. ಲಾರಿ ಓಡಿಸುವವರು ಗೇರ್ ಹಾಕುವ ಕೈ ನೋಡಿದ ಕೂಡಲೇ ಈ ನಟ ನಿಜವಾಗಿ ಓಡಿಸುತ್ತಿಲ್ಲ ಎನ್ನುತ್ತಾರೆ. ಮೇಷ್ಟ್ರಿಗೆ ತರಗತಿಯ ಸೀನಿನಲ್ಲಿ ಹಿಂದಿನ ಬೆಂಚಿನ ಹುಡುಗನೇ ಕಾಣುವುದು. ಎಷ್ಟು ಒಳ್ಳೆಯ ವಿಮರ್ಶಕರಾದರೂ ಒಬ್ಬರೇ ಇಷ್ಟೆಲ್ಲ ಕಣ್ಣುಗಳಿಂದ ನೋಡಲು ಸಾಧ್ಯವಿಲ್ಲ.

ಸುಮಾರು 100 ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಎಂಬ ನಿರ್ದೇಶಕರು ಒಂದು ಪ್ರಯೋಗ ಮಾಡಿದರು. ಇವಾನ್ ಮೊಜ್ಜುಖಿನ್ ಎಂಬ ನಟನ ಮುಖದ ಒಂದೇ ಒಂದು ಶಾಟ್ ತೆಗೆದುಕೊಂಡರು. ಆ ಮುಖದಲ್ಲಿ ಅಳು ನಗು ಯಾವುದೂ ಇಲ್ಲ. ಅದರ ಪಕ್ಕಕ್ಕೆ ಒಮ್ಮೆ ಸೂಪಿನ ಬಟ್ಟಲು ಜೋಡಿಸಿದರು. ಇನ್ನೊಮ್ಮೆ ಶವಪೆಟ್ಟಿಗೆ. ನೋಡಿದವರು ಹಸಿವನ್ನು ಎಷ್ಟು ಚೆನ್ನಾಗಿ ತೋರಿಸಿದ್ದಾನೆ, ದುಃಖವನ್ನು ಎಷ್ಟು ಚೆನ್ನಾಗಿ ತೋರಿಸಿದ್ದಾನೆ ಎಂದು ನಟನನ್ನು ಹೊಗಳಿದರಂತೆ. ಮುಖ ಅದೇ. ಹಸಿವನ್ನೂ ದುಃಖವನ್ನೂ ತುಂಬಿದವರು ನೋಡುವವರು. ಸಿನಿಮಾ ಓದುವ ಎಲ್ಲರಿಗೂ ಇವತ್ತಿಗೂ ಹೇಳಿಕೊಡುವ ಪಾಠ ಇದು. ಪರದೆಯ ಮೇಲೆ ಅರ್ಧ ಇರುತ್ತದೆ, ಉಳಿದ ಅರ್ಧವನ್ನು ನಾವು ತರುತ್ತೇವೆ. ಹಾಗಿದ್ದ ಮೇಲೆ ಅಭಿಪ್ರಾಯ ಹೇಳುವಾಗ ನಾವು ತಂದ ಅರ್ಧವನ್ನೂ ಹೇಳಬೇಕಲ್ವಾ?

ಜನರ ಅಭಿಪ್ರಾಯ ಬೇಕು ಎಂದು ಹೊರಟವರೂ ಇದ್ದಾರೆ. ಅಮೆರಿಕದಲ್ಲಿ ಎಡ್ ಮಿಂಟ್ಜ್ ಎಂಬವರು 1979ರಲ್ಲಿ ಸಿನಿಮಾಸ್ಕೋರ್ ಎಂಬ ಸಂಸ್ಥೆ ಶುರು ಮಾಡಿದರು. ತಾವು ಆಸೆಯಿಂದ ಹೋದ ಒಂದು ಸಿನಿಮಾ ಅವರಿಗೆ ನಿರಾಸೆ ಮಾಡಿತ್ತು. ವಿಮರ್ಶಕರು ಏನನ್ನುತ್ತಾರೆ ಎನ್ನುವುದಕ್ಕಿಂತ, ನೋಡಿ ಹೊರಬಂದ ಜನ ಏನನ್ನುತ್ತಾರೆ ಎಂದು ತಿಳಿಯುವ ದಾರಿ ಬೇಕು ಅನ್ನಿಸಿತು. ಮೊದಲ ದಿನದ ಆಟಕ್ಕೆ ಬಂದವರ ಕೈಗೆ ಒಂದು ಚಿಕ್ಕ ಕಾರ್ಡು ಕೊಡುವುದು, ಶಾಲೆಯ ಗ್ರೇಡಿನ ಹಾಗೆ ಎ ಪ್ಲಸ್‌ನಿಂದ ಎಫ್‌ವರೆಗೆ ಅಂಕ ಕೇಳುವುದು. ಈ ಪದ್ಧತಿ ಈಗಲೂ ನಡೆಯುತ್ತಿದೆ. ಒಳ್ಳೆಯ ಕೆಲಸವೇ. ಆದರೆ ಕಾರ್ಡಿನಲ್ಲಿ ನಮ್ಮ ಅಕ್ಕನ ಆ ಮಾತಿಗೆ ಜಾಗವಿಲ್ಲ.

ಈಗಂತೂ ಎಲ್ಲಿ ನೋಡಿದರೂ ಅಂಕಿಯೇ. ಹತ್ತಕ್ಕೆ ಏಳೂವರೆ, ಐದಕ್ಕೆ ಮೂರು ನಕ್ಷತ್ರ, ನೂರಕ್ಕೆ ಎಂಬತ್ತು. ಇದರಲ್ಲಿ ಒಂದು ಗೊಂದಲವನ್ನು ಮಾತ್ರ ಬಿಡಿಸಿ ಹೇಳುತ್ತೇನೆ, ತುಂಬಾ ಜನ ಇದರಲ್ಲಿ ಎಡವುತ್ತಾರೆ. ರಾಟನ್ ಟೊಮ್ಯಾಟೋಸ್ ಎಂಬ ತಾಣದ ಹೆಸರು ಕೇಳಿರುತ್ತೀರಿ. 1998ರಲ್ಲಿ ಶುರುವಾದದ್ದು. ಅಲ್ಲಿ ಒಂದು ಸಿನಿಮಾಕ್ಕೆ ಶೇಕಡಾ 60 ಎಂದಿದ್ದರೆ, ಸಿನಿಮಾ ನೂರಕ್ಕೆ ಅರವತ್ತು ಅಂಕ ಪಡೆದಿದೆ ಎಂದು ಅರ್ಥವಲ್ಲ. ನೂರು ವಿಮರ್ಶಕರಲ್ಲಿ ಅರವತ್ತು ಜನ ಒಪ್ಪಿದ್ದಾರೆ ಎಂದಷ್ಟೇ. ಹತ್ತಕ್ಕೆ ಹತ್ತೂ ಜನ "ಪರವಾಗಿಲ್ಲ, ನೋಡಬಹುದು" ಎಂದರೆ ಆ ಸಿನಿಮಾಕ್ಕೆ ನೂರು ಬರುತ್ತದೆ. ಆರು ಜನ ಎದೆಗೆ ಹಚ್ಚಿಕೊಂಡು, ನಾಲ್ಕು ಜನ ಸಿಟ್ಟಾಗಿ ಎದ್ದುಬಂದರೆ ಅರವತ್ತು. ನನ್ನನ್ನು ಕೇಳಿದರೆ ನಾನು ಎರಡನೆಯದಕ್ಕೇ ಮೊದಲು ಹೋಗುತ್ತೇನೆ. ಆರು ಜನರನ್ನು ಅಷ್ಟು ಹಿಡಿದಿಟ್ಟದ್ದು ಏನು, ನಾಲ್ಕು ಜನರನ್ನು ಅಷ್ಟು ಕೆರಳಿಸಿದ್ದು ಏನು ಎಂದು ನನಗೆ ನೋಡಬೇಕು.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ. ಬೇರೆಯವರ ಮಾತು ಮೊದಲು ಕಿವಿಗೆ ಬಿದ್ದರೆ ನಮ್ಮ ಕಣ್ಣು ನಮ್ಮದಾಗಿ ಉಳಿಯುವುದು ಕಷ್ಟ. 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಹಾಡುಗಳ ಮೇಲೆ ಮಾಡಿದ್ದು, ಆದರೆ ಸಿನಿಮಾಕ್ಕೂ ಹೊಂದುವ ಮಾತು. ಯಾರೂ ಕೇಳಿರದ 48 ಹಾಡುಗಳು. 14 ಸಾವಿರಕ್ಕೂ ಹೆಚ್ಚು ಜನ ಕೇಳುಗರು. ಕೆಲವರಿಗೆ ಹಾಡು ಮಾತ್ರ ಕೊಟ್ಟರು. ಮಿಕ್ಕವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಎಷ್ಟು ಜನ ಯಾವ ಹಾಡನ್ನು ಇಳಿಸಿಕೊಂಡಿದ್ದಾರೆ ಎಂಬ ಲೆಕ್ಕವನ್ನೂ ತೋರಿಸಿದರು. ಲೆಕ್ಕ ನೋಡಿದ ಗುಂಪುಗಳಲ್ಲಿ ಗೆದ್ದ ಹಾಡು ಜೋರಾಗಿ ಗೆದ್ದಿತು, ಸೋತದ್ದು ಪೂರ್ತಿ ಸೋತಿತು. ಅಷ್ಟೇ ಅಲ್ಲ, ಒಂದು ಗುಂಪಿನಲ್ಲಿ ಮೇಲೇರಿದ ಹಾಡು ಇನ್ನೊಂದು ಗುಂಪಿನಲ್ಲಿ ಕೆಳಗಿತ್ತು. ಮೊದಲು ಬಂದ ನಾಲ್ಕಾರು ಜನ ಯಾವ ಕಡೆ ವಾಲಿದರೋ, ಹಿಂದೆ ಬಂದವರೂ ಅದೇ ಕಡೆ ವಾಲಿದ್ದರು.

ಅದಕ್ಕೇ ನಾನು ಸಿನಿಮಾ ನೋಡುವ ಮೊದಲು ಯಾರ ಅಭಿಪ್ರಾಯವನ್ನೂ ಕೇಳುವುದಿಲ್ಲ. ನೋಡಿ ಬಂದ ಮೇಲೆ ಎಲ್ಲರದ್ದೂ ಕೇಳುತ್ತೇನೆ. ನನ್ನ ಕಣ್ಣಿಗೆ ತಪ್ಪಿಹೋದದ್ದು ಆಗ ಸಿಗುತ್ತದೆ. ಪಾದ ಮುಟ್ಟಿದ ಆ ಸೀನು ನನಗೆ ಸಿಕ್ಕಿದ್ದೂ ಹಾಗೆಯೇ.

ಹಾಗೆಂದು ಜನ ಹೇಳಿದ್ದಕ್ಕೆ ಶಕ್ತಿಯಿಲ್ಲ ಎಂದಲ್ಲ. 1994ರ "ದ ಶಾಶಾಂಕ್ ರಿಡೆಂಪ್ಷನ್" ಸಿನಿಮಾದ ಕಥೆ ನೋಡಿ. ಥಿಯೇಟರಿಗೆ ಬಂದಾಗ ಮೊದಲ ಸುತ್ತಿನಲ್ಲಿ ಹಾಕಿದ ದುಡ್ಡೂ ಹುಟ್ಟಲಿಲ್ಲ. ಏಳು ಆಸ್ಕರ್‌ಗಳಿಗೆ ಹೆಸರು ಹೋಯಿತು, ಒಂದೂ ಕೈಗೆ ಬರಲಿಲ್ಲ. ಆಮೇಲೆ ಕ್ಯಾಸೆಟ್ ಬಂತು, ಟಿವಿಯಲ್ಲಿ ಬಂತು. ನೋಡಿದವರು ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ. ಹೀಗೆ ಬಾಯಿಂದ ಬಾಯಿಗೆ ಹೋಗಿ, ಐಎಂಡಿಬಿ ಎಂಬ ಸಿನಿಮಾ ತಾಣದಲ್ಲಿ ಪ್ರೇಕ್ಷಕರು ಅಂಕ ಕೊಟ್ಟು ಆರಿಸುವ 250 ಸಿನಿಮಾಗಳ ಪಟ್ಟಿಯಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿ ನಿಂತಿತು.

ಇನ್ನು "ಕ್ಲೈಮ್ಯಾಕ್ಸ್ ಹಾಳು ಮಾಡಿಬಿಟ್ಟರು" ಎನ್ನುವ ಮಾತು. ಇದನ್ನು ನಾವೆಲ್ಲ ಹೇಳುತ್ತೇವೆ. ಇದರ ಹಿಂದೆ ಮನಸ್ಸಿನ ಒಂದು ರೂಢಿ ಇದೆ. ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಡೇನಿಯಲ್ ಕಾನಮನ್ ಎಂಬ ಮನಶ್ಶಾಸ್ತ್ರಜ್ಞರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಚಿಕ್ಕ ಚಿಕ್ಕ ಸಿನಿಮಾ ತುಣುಕುಗಳನ್ನೇ ತೋರಿಸಿದ್ದರು. ಹಿತವಾದವು ಕೆಲವು, ನೋಡಲು ಆಗದಂಥವು ಕೆಲವು. ತುಣುಕು ಎಷ್ಟು ಹೊತ್ತು ನಡೆಯಿತು ಎನ್ನುವುದು ಜನ ಆಮೇಲೆ ಕೊಟ್ಟ ತೀರ್ಪನ್ನು ಹೆಚ್ಚೇನೂ ಬದಲಿಸಲಿಲ್ಲ. ಎಲ್ಲಕ್ಕಿಂತ ತೀವ್ರವಾದ ಗಳಿಗೆ ಮತ್ತು ಕೊನೆಯ ಗಳಿಗೆ, ಈ ಎರಡೇ ತೀರ್ಪನ್ನು ನಡೆಸಿದವು. ಹಾಗಾಗಿ ಕೊನೆಯ ಹತ್ತು ನಿಮಿಷ ಕೆಟ್ಟರೆ, ಹಿಂದಿನ ಎರಡು ಗಂಟೆಯ ಸುಖವನ್ನೂ ನಾವು ಮರೆತುಬಿಡುತ್ತೇವೆ. ಇದು ಸಿನಿಮಾಕ್ಕೆ ಮಾಡುವ ಅನ್ಯಾಯ. ನನಗೂ ನಾನೇ ಮಾಡಿಕೊಳ್ಳುವ ಅನ್ಯಾಯ. ಆ ಎರಡು ಗಂಟೆ ನಾನು ನಿಜವಾಗಿ ನಕ್ಕಿದ್ದೆ, ಅತ್ತಿದ್ದೆ. ಈಗ ನಾನು ಹೊರಗೆ ಬಂದ ಮೇಲೆ ಮೊದಲ ಅರ್ಧ ಗಂಟೆಯಿಂದ ಒಂದು ಸೀನನ್ನಾದರೂ ಬೇಕೆಂದೇ ನೆನಪು ಮಾಡಿಕೊಳ್ಳುತ್ತೇನೆ.

ಕಥೆಯ ಗುಟ್ಟು ಬಿಟ್ಟುಕೊಡಬಾರದು ಎನ್ನುವುದನ್ನು ನಿಮಗೆ ಹೇಳಬೇಕಾಗಿಲ್ಲ. ಆದರೆ ಗುಟ್ಟು ಉಳಿಸಿಕೊಂಡೇ ತುಂಬಾ ಮಾತಾಡಬಹುದು. ಪಾದ ಮುಟ್ಟಿದ ಸೀನನ್ನು ನಿಮಗೆ ಹೇಳಿದೆನಲ್ಲ, ಆ ಸಿನಿಮಾದ ಕಥೆ ನಿಮಗೆ ಒಂದೆಳೆಯೂ ಗೊತ್ತಾಗಿಲ್ಲ.

ಗೆಳೆಯರ ನಡುವೆ ಸಿನಿಮಾದ ಮಾತು ಕೆಡುವುದು ಒಂದೇ ಒಂದು ವಾಕ್ಯದಿಂದ. "ನಿಂಗೆ ಅದು ಅರ್ಥ ಆಗಿಲ್ಲ ಬಿಡು." ಇದನ್ನು ಹೇಳಿಸಿಕೊಂಡ ನೋವು ನನಗೆ ಗೊತ್ತು. ಎದುರಿಗಿದ್ದವರು ಆಮೇಲೆ ಬಾಯಿ ಬಿಡುವುದಿಲ್ಲ. ಮುಂದಿನ ಸಲ ಕೇಳಿದರೂ "ಪರವಾಗಿಲ್ಲ" ಎಂದು ಸುಮ್ಮನಾಗುತ್ತಾರೆ. ಅವರಿಗೆ ಕಂಡದ್ದು ಅವರೊಳಗೇ ಉಳಿದುಹೋಗುತ್ತದೆ. ಬೇಜಾರಾಯಿತು ಎಂದು ಒಬ್ಬರು ಹೇಳಿದರೆ, ಎಲ್ಲಿ ಬೇಜಾರಾಯಿತು ಎಂದು ಕೇಳಿ ನೋಡಿ. "ಅವರಿಬ್ಬರೂ ಕಾರಿನಲ್ಲಿ ಜಗಳ ಆಡೋವಾಗ" ಎನ್ನುತ್ತಾರೆ. ಯಾಕೆ ಎಂದು ಇನ್ನೊಂದು ಪ್ರಶ್ನೆ ಕೇಳಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮನೇಲೂ ಅಪ್ಪ ಅಮ್ಮ ಹಾಗೇ ಆಡ್ತಿದ್ದರು, ನನಗೆ ಅದನ್ನ ನೋಡೋಕೆ ಆಗಲ್ಲ" ಎನ್ನುತ್ತಾರೆ. ಒಬ್ಬ ಗೆಳೆಯ ನನಗೆ ಹೇಳಿದ ಮಾತೇ ಇದು. ಹದಿನೈದು ವರ್ಷದ ಗೆಳೆತನದಲ್ಲಿ ಅವತ್ತಿನವರೆಗೆ ಅದನ್ನು ಅವನು ಹೇಳಿರಲಿಲ್ಲ.

ಕಳೆದ ಭಾನುವಾರ ಅಕ್ಕನ ಫೋನ್ ಬಂದಿತ್ತು. ಡ್ಯೂಟಿ ಮುಗಿಸಿ ಒಬ್ಬಳೇ ಹೋಗಿ ಒಂದು ಹೊಸ ಸಿನಿಮಾ ನೋಡಿ ಬಂದಿದ್ದಳು. ನನ್ನ ನಿಯಮ ಮುರಿದು, ನಾನೇ ಕೇಳಿದೆ. ಹೇಗಿತ್ತು ಎಂದು ಕೇಳಲಿಲ್ಲ. "ಏನು ಕಂಡಿತು ಅಕ್ಕ?" ಎಂದೆ.

"ಅದರಲ್ಲಿ ಒಬ್ಬ ತಾತ ಇದ್ದಾನೆ ಕಣೋ. ರಾತ್ರಿ ಮನೆಗೆ ಬಂದು ಬಾಗಿಲು ಹಾಕೋವಾಗ ಸದ್ದಾಗಬಾರದು ಅಂತ ಚಿಲಕಕ್ಕೆ ಬೆರಳು ಅಡ್ಡ ಇಡ್ತಾನೆ. ಒಳಗೆ ಮಲಗಿರೋರು ಯಾರೂ ಇಲ್ಲ. ಹೆಂಡತಿ ಹೋಗಿ ಎಷ್ಟೋ ವರ್ಷ ಆಗಿದೆ" ಎಂದಳು.

ನಾಳೆ ಸಂಜೆಯ ಆಟಕ್ಕೆ ಟಿಕೆಟ್ ತೆಗೆದಿಟ್ಟಿದ್ದೇನೆ. ನಮಸ್ಕಾರ.